ಗಡಿಯಾರ ಬದಲಾಯಿಸುವ ಮೊದಲು

ಚಿ. ಅನಘಾಳಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನೀನು ಬರೆದದ್ದನ್ನು ಎರಡು ಸಲ ಓದಿದೆ. ರೀಬೂಟ್ ಆದಮೇಲೆ ಸರ್ವರ್ ನಿಧಾನವಾಗಿದೆ. ನೋಡಿದರೆ ಲಿನಕ್ಸ್ ಕರ್ನಲ್, ಅಂದರೆ ಸಿಸ್ಟಮ್ಮಿನ ತಿರುಳು, ಟೈಮ್ ನೋಡಲು ಟಿಎಸ್‌ಸಿ ಅನ್ನೋ ಗಡಿಯಾರ ಬಿಟ್ಟು ಎಚ್‌ಪಿಇಟಿ ಅನ್ನೋ ಇನ್ನೊಂದನ್ನು ಹಿಡಿದುಕೊಂಡಿದೆ. ಮಷೀನು ಏಳುವಾಗ ಕರ್ನಲ್ಲಿಗೆ ಕೊಡುವ ಬೂಟ್ ಸಾಲಿಗೆ 'ಟಿಎಸ್‌ಸಿ ರಿಲಯಬಲ್' (ಟಿಎಸ್‌ಸಿಯನ್ನು ನಂಬಬಹುದು) ಅಂತ ಸೇರಿಸಿದರೆ ಸರಿಹೋಗುತ್ತದೆ ಎಂದು ಟೀಮಿನವರು ಹೇಳಿದ್ದಾರೆ, ಅಲ್ವಾ? ಒಂದು ದಿನ ತಡಿ ಪುಟ್ಟೀ.

ನಿಧಾನವಾಗಿರೋದು ನಿಜ. ಟಿಎಸ್‌ಸಿ ಪ್ರೊಸೆಸರಿನ ಒಳಗೇ ಓಡುವ ಟಿಕ್‌ಗಳ ಎಣಿಕೆ. ಪ್ರೋಗ್ರಾಮು ಕರ್ನಲ್ಲಿನ ಬಾಗಿಲು ತಟ್ಟದೆ, ಹತ್ತಾರು ನ್ಯಾನೋಸೆಕೆಂಡಿನಲ್ಲಿ ಟೈಮ್ ಓದಿಕೊಳ್ಳುತ್ತದೆ. ಎಚ್‌ಪಿಇಟಿ ಹೊರಗಿನದು. ಪ್ರತಿ ಸಲವೂ ಕರ್ನಲ್ ಒಳಗೆ ಹೋಗಿ ಕೇಳಬೇಕು. ಡೇಟಾಬೇಸ್ ಸೆಕೆಂಡಿಗೆ ಲಕ್ಷ ಸಲ ಟೈಮ್ ಕೇಳಿದರೆ ಗೊತ್ತಾಗದೆ ಇರುತ್ತದೆಯೇ?

ಆದರೆ ಕರ್ನಲ್ ಸುಮ್ನೆ ಟಿಎಸ್‌ಸಿ ಬಿಡುವುದಿಲ್ಲ. ಅದರ ಲೆಕ್ಕದಲ್ಲಿ ಟಿಎಸ್‌ಸಿಗೆ 300 ಅಂಕ, ಎಚ್‌ಪಿಇಟಿಗೆ 250, ಎಸಿಪಿಐ ಪಿಎಂ ಟೈಮರ್ ಅನ್ನೋ ಮೂರನೆಯ ಗಡಿಯಾರಕ್ಕೆ 200. ಅಂಕ ಜಾಸ್ತಿ ಇದ್ದರೂ ಟಿಎಸ್‌ಸಿಯನ್ನು ಕುರುಡಾಗಿ ನಂಬುವುದಿಲ್ಲ. ವಾಚ್‌ಡಾಗ್ ಅನ್ನೋದು ಅರ್ಧ ಸೆಕೆಂಡಿಗೊಮ್ಮೆ ಅದನ್ನು ಇನ್ನೊಂದು ಗಡಿಯಾರದ ಪಕ್ಕ ಇಟ್ಟು ನೋಡುತ್ತದೆ. ಎರಡಕ್ಕೂ ತಾಳೆಯಾಗದಿದ್ದರೆ 'ಅನ್‌ಸ್ಟೇಬಲ್' ಎಂದು ಲಾಗಿನಲ್ಲಿ ಬರೆದು ಕೆಳಗಿಳಿಸುತ್ತದೆ. (ಆ ಪಿಎಂ ಟೈಮರ್ ಓಡುವುದು 3.579545 ಮೆಗಾಹರ್ಟ್ಸ್‌ನಲ್ಲಿ. ಅಮೆರಿಕದ ಹಳೇ ಕಲರ್ ಟಿವಿಯ ಬಣ್ಣದ ಸಂಕೇತಕ್ಕೂ ಅದೇ ವೇಗ. 1981ರ ಐಬಿಎಂ ಪಿಸಿಯಲ್ಲಿ ಅದರ ನಾಲ್ಕರಷ್ಟು ವೇಗದಲ್ಲಿ ಟಿಕ್ ಕೊಡುವ ಹರಳು ಇತ್ತು. ಅದರ ಗುರುತು ಇವತ್ತಿನ ಸರ್ವರಿನಲ್ಲೂ ಉಳಿದಿದೆ. ನನಗೆ ಇದು ಈಗಲೂ ಖುಷಿ ಕೊಡುವ ಸಂಗತಿ.)

ನೀನು ಸೇರಿಸಲು ಹೊರಟಿರುವ ಆ ಮಾತು ವಾಚ್‌ಡಾಗಿನ ಬಾಯಿ ಮುಚ್ಚಿಸುತ್ತದೆ, ಅಷ್ಟೇ. ಹಿಂದೆ ನಾನೂ ಅದನ್ನೇ ಮಾಡಿದ್ದೆ. ಎರಡು ಸಾಕೆಟ್ಟಿನ, ಅಂದರೆ ಎರಡು ಪ್ರೊಸೆಸರ್ ಕೂರಿಸಿದ ಮಷೀನು. ವೇಗ ತಕ್ಷಣ ಬಂತು, ಎಲ್ಲರೂ ಭೇಷ್ ಅಂದರು. ವಾರ ಕಳೆದ ಮೇಲೆ ಲಾಗಿನಲ್ಲಿ ಉತ್ತರ ಮೊದಲು, ಪ್ರಶ್ನೆ ಆಮೇಲೆ ಕಾಣಿಸತೊಡಗಿತು. ಎರಡೂ ಸಾಕೆಟ್ಟಿನ ಎಣಿಕೆ ಬೇರೆ ಬೇರೆ ಆಗಿತ್ತು. ಯಾವ ದಾಖಲೆ ಮೊದಲು, ಯಾವುದು ನಂತರ ಎಂದು ಬಿಡಿಸಲು ಮೂರು ರಾತ್ರಿ ಕೂತೆ.

ಹಾಗಂತ ವಾಚ್‌ಡಾಗ್ ಹೇಳಿದ್ದೆಲ್ಲ ಸರಿ ಅಂತಲೂ ಅಲ್ಲ. ಮಷೀನು ತುಂಬಾ ಬಿಜಿಯಾಗಿ ಓದುವುದೇ ತಡವಾದರೆ, ಚೆನ್ನಾಗಿರುವ ಟಿಎಸ್‌ಸಿಯ ಮೇಲೂ ತಪ್ಪು ಹೊರಿಸಬಹುದು. ಅದಕ್ಕೇ ಮೊದಲು ಕಾರಣ ಹುಡುಕು. ಪ್ರೊಸೆಸರ್ ತನ್ನ ಗುಣ ಹೇಳಿಕೊಳ್ಳುವ ಫ್ಲ್ಯಾಗುಗಳಲ್ಲಿ 'ಕಾನ್‌ಸ್ಟಂಟ್ ಟಿಎಸ್‌ಸಿ' (ಎಣಿಕೆಯ ವೇಗ ಬದಲಾಗದು), 'ನಾನ್‌ಸ್ಟಾಪ್ ಟಿಎಸ್‌ಸಿ' (ಎಣಿಕೆ ನಿಲ್ಲದು) ಎರಡೂ ಇವೆಯೇ ನೋಡು. ಹಳೇ ಪ್ರೊಸೆಸರುಗಳಲ್ಲಿ ವೇಗ ಬದಲಾದರೆ ಎಣಿಕೆಯೂ ಬದಲಾಗುತ್ತಿತ್ತು, ನಿದ್ದೆಗೆ ಹೋದರೆ ನಿಂತೇಬಿಡುತ್ತಿತ್ತು. ಮಷೀನನ್ನು ಮೊದಲು ಎಬ್ಬಿಸುವ ತಂತ್ರಾಂಶವಾದ ಬಯಾಸ್‌ಗೆ ಅಪ್‌ಡೇಟ್ ಬಾಕಿ ಇದೆಯೇ ಕೇಳು. ನಿನ್ನ ಸರ್ವರ್ ಕೆವಿಎಂ (ಒಂದು ಮಷೀನಿನೊಳಗೆ ಹಲವು ಮಷೀನು ಓಡಿಸುವ ಲಿನಕ್ಸಿನ ವ್ಯವಸ್ಥೆ) ಮೇಲಿನ ವರ್ಚುವಲ್ ಮಷೀನಾದರೆ, ಅದಕ್ಕೆಂದೇ ಇರುವ ಕೆವಿಎಂ ಕ್ಲಾಕ್ ಗಡಿಯಾರಗಳ ಪಟ್ಟಿಯಲ್ಲಿ ಇದೆಯೇ ಅಂತಲೂ ನೋಡು.

'ಅನ್‌ಸ್ಟೇಬಲ್' ಅನ್ನುವ ಸಾಲು, ಅದರ ಹಿಂದುಮುಂದಿನ ಇಪ್ಪತ್ತು ಸಾಲು ನನಗೆ ಕಳಿಸು. ಶನಿವಾರ ಸಂಜೆ ಫೋನಿನಲ್ಲಿ ಕೂತು ಓದೋಣ. ಅಲ್ಲಿಯವರೆಗೆ ಸರ್ವರ್ ನಿಧಾನವಾಗಿಯೇ ಓಡಲಿ. ಯಾರಾದರೂ ಕೇಳಿದರೆ ಪರೀಕ್ಷೆ ಮಾಡುತ್ತಿದ್ದೇನೆ ಅಂತ ಧೈರ್ಯವಾಗಿ ಹೇಳು.

ಇಂತಿ,
ನಿನ್ನ ಪ್ರೀತಿಯ ಮಾವ