ಅನುಗೆ, ಮೈಕಿನ ಮುಂದೆ ನಿಲ್ಲುವ ಮುಂಚೆ

ದಾವಣಗೆರೆ
ಆಗಸ್ಟ್ 17

ಚಿರಂಜೀವಿ ಅನುಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿನೋವು ಎಷ್ಟೋ ಕಡಿಮೆಯಾಗಿದೆ. ನೀನು ಕಳಿಸಿದ ಭಾಷಣವನ್ನು ನಿಮ್ಮಪ್ಪ ಪ್ರಿಂಟ್ ತೆಗೆಸಿ ತಂದುಕೊಟ್ಟ. ಒಂಬತ್ತು ಪುಟ. ಎರಡು ಸಲ ಮನಸ್ಸಿನಲ್ಲೇ ಓದಿದೆ. ಮೂರನೇ ಸಲ ಜಗಲಿ ಮೇಲೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು ಜೋರಾಗಿ ಓದಿದೆ. ಇಪ್ಪತ್ತಾರು ನಿಮಿಷ ಹಿಡಿಯಿತು. ಫೋನಿನಲ್ಲಾದರೆ ಮಾತು ಎಲ್ಲೆಲ್ಲಿಗೋ ಹೋಗುತ್ತೆ. ಅದಕ್ಕೇ ಕಾಗದ ಬರೆಯಲು ಕೂತೆ.

ಮೊದಲು ನಿನ್ನ ಭಯದ ವಿಷಯ. "ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಆದ ಖುಷಿಗಿಂತ ಮೊದಲ ಭಾಷಣದ ಹೆದರಿಕೆಯೇ ಜಾಸ್ತಿ, ಈಗಲೇ ಕೈ ನಡುಗುತ್ತೆ" ಅಂತ ಬರೆದಿದ್ದೀಯ. ನಡುಗಲಿ ಬಿಡು. ನೀನಿರುವ ಅಮೆರಿಕದ ಮೊದಲ ಅಧ್ಯಕ್ಷನಿಗೂ ನಡುಗಿತ್ತು. 1789ರ ಏಪ್ರಿಲ್ 30ರಂದು ನ್ಯೂಯಾರ್ಕಿನಲ್ಲಿ ವಾಷಿಂಗ್ಟನ್ ಪ್ರಮಾಣವಚನ ತಗೊಂಡು ಭಾಷಣ ಓದಿದ. ಅಲ್ಲೇ ಇದ್ದ ಮ್ಯಾಕ್ಲೇ ಅನ್ನುವ ಸೆನೆಟರ್ ತನ್ನ ಡೈರಿಯಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಫಿರಂಗಿ, ಬಂದೂಕು ಎದುರಿಗೆ ಹಿಡಿದಿದ್ದರೂ ಈ ಮನುಷ್ಯ ಇಷ್ಟು ತಳಮಳಿಸುತ್ತಿರಲಿಲ್ಲ, ಕೈ ನಡುಗಿ ಕೆಲವು ಸಲ ಓದುವುದೇ ಕಷ್ಟವಾಯಿತು ಅಂತ. ಎಂಟು ವರ್ಷ ಯುದ್ಧ ನಡೆಸಿದವನು ಅವನು. ಆ ನಡುಕದಿಂದ ಅವನ ಮರ್ಯಾದೆ ಕಡಿಮೆಯಾಗಲಿಲ್ಲ. ನಿನ್ನದೂ ಆಗುವುದಿಲ್ಲ. ಅದೇ ವಾಷಿಂಗ್ಟನ್ 1793ರಲ್ಲಿ ಎರಡನೇ ಸಲ ಅಧ್ಯಕ್ಷನಾದಾಗ ಮಾತಾಡಿದ್ದು ಬರೀ 135 ಪದ.

ಈಗ ಆ ಒಂಬತ್ತು ಪುಟಕ್ಕೆ ಬರುತ್ತೇನೆ. ವಿಲಿಯಂ ಹೆನ್ರಿ ಹ್ಯಾರಿಸನ್ ಅಂತ ಒಬ್ಬ ಅಧ್ಯಕ್ಷ ಇದ್ದ. 1841ರ ಮಾರ್ಚ್ 4ರಂದು ಚಳಿಯಲ್ಲಿ, ಮೇಲಂಗಿ ಇಲ್ಲದೆ, ಟೋಪಿ ಇಲ್ಲದೆ ನಿಂತು ಹೆಚ್ಚು ಕಡಿಮೆ ಎರಡು ಗಂಟೆ ಮಾತಾಡಿದ. ಎಂಟು ಸಾವಿರಕ್ಕೂ ಜಾಸ್ತಿ ಪದ. ರೋಮನ್ ಇತಿಹಾಸವೆಲ್ಲ ಅದರಲ್ಲಿತ್ತು. ಸರಿಯಾಗಿ ಒಂದು ತಿಂಗಳಿಗೆ ತೀರಿಕೊಂಡ. ಆ ಚಳಿಯೇ ಕಾರಣ ಅಂತ ಬಹಳ ಕಾಲ ಜನ ನಂಬಿದ್ದರು. ಕಾಯಿಲೆ ಬಿದ್ದಿದ್ದು ಮೂರು ವಾರ ಆದಮೇಲೆ, ಹಾಗಾಗಿ ಕೆಟ್ಟ ನೀರಿನಿಂದ ಬಂದ ಜ್ವರ ಇರಬಹುದು ಅಂತ ಈಚಿನವರು ಹೇಳುತ್ತಾರೆ. ಏನೇ ಇರಲಿ, ಅಷ್ಟುದ್ದ ಮಾತಿನಲ್ಲಿ ಒಂದು ವಾಕ್ಯವನ್ನಾದರೂ ಇವತ್ತು ಯಾರಾದರೂ ನೆನೆಯುತ್ತಾರಾ?

ನಾನೂ ಆ ತಪ್ಪು ಮಾಡಿದ್ದೇನೆ. ಮೇಷ್ಟ್ರ ನೌಕರಿಗೆ ಸೇರಿದ ಎರಡನೇ ವರ್ಷ. ಸ್ವಾತಂತ್ರ್ಯ ದಿನಾಚರಣೆಗೆ ಮುಖ್ಯ ಭಾಷಣ ನನ್ನದು ಅಂದರು. ಮಕ್ಕಳು ಮೈದಾನದಲ್ಲಿ ಸಾಲಾಗಿ ನಿಂತಿದ್ದರು, ಬಿಸಿಲು ಏರಿತ್ತು. ನಾನು 1857ರಿಂದ ಶುರು ಮಾಡಿದೆ. ದಂಡಿ ಸತ್ಯಾಗ್ರಹಕ್ಕೆ ಬರುವಷ್ಟರಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬ ಕುಸಿದು ಬಿದ್ದ. ಪಿ.ಟಿ. ಮೇಷ್ಟ್ರು ಎತ್ತಿಕೊಂಡು ಹೋಗಿ ನೀರು ಚಿಮುಕಿಸಿದರು. ಬೆಳಿಗ್ಗೆ ಏನೂ ತಿಂದಿರಲಿಲ್ಲವಂತೆ. ಅವನು ಬಿದ್ದಮೇಲೂ ನಾನು ಹತ್ತು ನಿಮಿಷ ಮಾತಾಡಿದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತೆ ಅನು. ಕಣ್ಣ ಮುಂದಿನ ಮಗುವಿಗಿಂತ ಕೈಯಲ್ಲಿದ್ದ ಹಾಳೆ ನನಗೆ ದೊಡ್ಡದಾಗಿತ್ತು.

ಹೋದ ವರ್ಷ ನಾವು ಬಂದಾಗ ನೀನು ನಮ್ಮನ್ನು ಗೆಟ್ಟಿಸ್‌ಬರ್ಗ್‌ಗೆ ಕರೆದುಕೊಂಡು ಹೋಗಿದ್ದೆಯಲ್ಲ, ಆ ಸ್ಮಶಾನ ನೆನಪಿದೆಯಾ? ಅರ್ಧ ಚಂದ್ರನ ಹಾಗೆ ಸಾಲುಗಳು. ಒಂದು ಕಡೆ ಅಂಗೈ ಅಗಲದ ಚೌಕ ಕಲ್ಲುಗಳಿದ್ದವು. ನೀನು ಬಗ್ಗಿ ಒಂದರ ಮೇಲಿನ ಎಲೆ ಸರಿಸಿದೆ. ಹೆಸರಿರಲಿಲ್ಲ, ಬರೀ ಒಂದು ನಂಬರ್. ಗುರುತು ಸಿಗದೆ ಸತ್ತವರು. ಅಲ್ಲಿ ಹೂತಿರುವ ಸುಮಾರು ಮೂರೂವರೆ ಸಾವಿರ ಸೈನಿಕರಲ್ಲಿ ಸಾವಿರದ ಹತ್ತಿರ ಜನ ಹಾಗೆ. ನೀನು ಆಮೇಲೆ ಕಾರಿನವರೆಗೂ ಮಾತಾಡಲಿಲ್ಲ.

1863ರ ನವೆಂಬರ್ 19ರಂದು ಲಿಂಕನ್ ಅಲ್ಲಿ ನಿಂತಾಗ ಹೆಣಗಳನ್ನು ತಂದು ಹೂಳುವ ಕೆಲಸ ಇನ್ನೂ ಮುಗಿದಿರಲಿಲ್ಲ. ಉತ್ತರ ಮತ್ತು ದಕ್ಷಿಣದ ರಾಜ್ಯಗಳ ಅಂತರ್ಯುದ್ಧದಲ್ಲಿ, ಜುಲೈನಲ್ಲಿ ಮೂರು ದಿನ ನಡೆದ ಕಾದಾಟ ಅದು. ಆ ದಿನದ ಮುಖ್ಯ ಭಾಷಣಕಾರ ಲಿಂಕನ್ ಅಲ್ಲ, ಎಡ್ವರ್ಡ್ ಎವರೆಟ್. ದೇಶಕ್ಕೇ ಹೆಸರಾದ ವಾಗ್ಮಿ. ಎರಡು ಗಂಟೆ ಮಾತಾಡಿದ. ಲಿಂಕನ್‌ಗೆ ಹೇಳಿದ್ದು, ಸಂದರ್ಭಕ್ಕೆ ತಕ್ಕ ನಾಲ್ಕು ಮಾತು ಆಡಿ ಅಂತ ಅಷ್ಟೇ. ಅವನು ಸುಮಾರು 270 ಪದ ಓದಿ ಕೂತ. ಮಾರನೇ ದಿನ ಎವರೆಟ್ಟೇ ಅವನಿಗೆ ಕಾಗದ ಬರೆದ. ನೀವು ಎರಡು ನಿಮಿಷದಲ್ಲಿ ಮುಟ್ಟಿದ ಮುಖ್ಯ ವಿಚಾರದ ಹತ್ತಿರಕ್ಕೆ ನಾನು ಎರಡು ಗಂಟೆಯಲ್ಲಿ ಬಂದಿದ್ದೆ ಅಂದುಕೊಳ್ಳುವ ಹಾಗಿದ್ದರೆ ನನಗೆ ಸಂತೋಷವಾಗುತ್ತಿತ್ತು ಅಂತ. ಎವರೆಟ್ ಬಗ್ಗೆಯೂ ನನಗೆ ಗೌರವ. ಹಾಗೆ ಬರೆಯಲು ದೊಡ್ಡ ಮನಸ್ಸು ಬೇಕು.

ಆ ಭಾಷಣವನ್ನು ಮತ್ತೆ ಒಂದು ಸಲ ಓದು. ಪೆನ್ಸಿಲ್ ಹಿಡಿದು ಓದು. ಅದರಲ್ಲಿ ಗೆಟ್ಟಿಸ್‌ಬರ್ಗ್ ಅನ್ನುವ ಹೆಸರಿಲ್ಲ. ಶತ್ರುವಿನ ಹೆಸರಿಲ್ಲ. "ನಾನು" ಅನ್ನುವ ಪದ ಒಂದು ಸಲವೂ ಇಲ್ಲ. "ನಾವು" ಇದೆ, ಮತ್ತೆ ಮತ್ತೆ ಇದೆ. ಆಮೇಲೆ ನಿನ್ನ ಮೊದಲ ಪುಟ ತೆಗೆ. "ನಾನು" ಹದಿನೇಳು ಸಲ ಇದೆ, ಎಣಿಸಿದ್ದೇನೆ. ಬೇಜಾರು ಮಾಡಿಕೋಬೇಡ. ಗೆದ್ದವರೆಲ್ಲ ಮೊದಲ ಸಲ ಹಾಗೇ ಬರೆಯುತ್ತಾರೆ.

ಗೆಲುವಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಚುನಾವಣೆಯಲ್ಲಿ ಜಗಳವಾಗಿತ್ತು, ಎದುರು ಗುಂಪಿನವರು ನಿನ್ನ ಮೇಲೆ ಏನೇನೋ ಬರೆದರು ಅಂದಿದ್ದೆ. ಮೂರನೇ ಪುಟದಲ್ಲಿ ಅದಕ್ಕೆಲ್ಲ ಉತ್ತರ ಕೊಟ್ಟಿದ್ದೀಯ. ಚೆನ್ನಾಗಿಯೇ ಕೊಟ್ಟಿದ್ದೀಯ. ಆದರೆ ಆ ಪುಟ ಪೂರ್ತಿ ತೆಗೆದುಹಾಕು. 1800ರ ಚುನಾವಣೆಯೂ ಹಾಗೇ ಹೊಲಸಾಗಿತ್ತು. ಜೆಫರ್ಸನ್ ಮತ್ತು ಬರ್ ಇಬ್ಬರಿಗೂ ಸಮ ಮತ ಬಿದ್ದು, ಸಂಸತ್ತಿನಲ್ಲಿ 36 ಸಲ ಮತ ಹಾಕಿದ ಮೇಲೆ ಜೆಫರ್ಸನ್ ಗೆದ್ದ. ಸೋತ ಹಿಂದಿನ ಅಧ್ಯಕ್ಷ ಆಡಮ್ಸ್ ಪ್ರಮಾಣವಚನದ ದಿನ ಬೆಳಗಾಗುವ ಮುಂಚೆಯೇ ಊರು ಬಿಟ್ಟು ಹೋದ. ಅವತ್ತು ಜೆಫರ್ಸನ್ ಹೇಳಿದ್ದು: ನಾವೆಲ್ಲ ರಿಪಬ್ಲಿಕನ್ನರು, ನಾವೆಲ್ಲ ಫೆಡರಲಿಸ್ಟರು. ಎರಡೂ ಪಕ್ಷದ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿದ. ಅವನ ದನಿ ಎಷ್ಟು ಸಣ್ಣದು ಅಂದರೆ ಮುಂದಿನ ಸಾಲಿನವರ ಆಚೆಗೆ ಸರಿಯಾಗಿ ಕೇಳಿಸಲೇ ಇಲ್ಲ. ಆದರೂ ಆ ಮಾತು ಉಳಿಯಿತು.

ಲಿಂಕನ್ ಇನ್ನೂ ಮುಂದೆ ಹೋದ. 1865ರ ಮಾರ್ಚ್‌ನಲ್ಲಿ ಅವನು ಎರಡನೇ ಸಲ ಪ್ರಮಾಣವಚನ ತಗೊಂಡಾಗ ನಾಲ್ಕು ವರ್ಷದ ಅಂತರ್ಯುದ್ಧ ಗೆಲ್ಲುವ ಹಂತದಲ್ಲಿತ್ತು. ಲಕ್ಷಾಂತರ ಜನ ಸತ್ತಿದ್ದರು. ಗೆದ್ದೆವು ಅಂತ ಎದೆ ತಟ್ಟಿಕೊಳ್ಳಬಹುದಿತ್ತು. ಅವನು ಹೇಳಿದ್ದು, ಎರಡೂ ಕಡೆಯವರು ಓದುವುದು ಒಂದೇ ಬೈಬಲ್, ಬೇಡುವುದು ಒಂದೇ ದೇವರನ್ನು ಅಂತ. ಗುಲಾಮಗಿರಿ ತಪ್ಪು ಅನ್ನುವುದನ್ನು ಮುಚ್ಚಿಡಲಿಲ್ಲ. ಆ ಪಾಪದಲ್ಲಿ ತನ್ನ ಕಡೆಯ ಉತ್ತರದವರಿಗೂ ಪಾಲಿದೆ ಅಂದ. ಕೊನೆಗೆ, ಯಾರ ಮೇಲೂ ಹಗೆಯಿಲ್ಲದೆ, ಎಲ್ಲರ ಮೇಲೂ ಕರುಣೆಯಿಟ್ಟು, ದೇಶದ ಗಾಯ ಕಟ್ಟೋಣ ಅಂದ. ಸುಮಾರು 700 ಪದ ಅಷ್ಟೇ. ಗುಲಾಮನಾಗಿ ಹುಟ್ಟಿ ಬಿಡುಗಡೆ ಪಡೆದ ಫ್ರೆಡರಿಕ್ ಡಗ್ಲಸ್ ಅದನ್ನು ಕೇಳಿ, ಪವಿತ್ರವಾದ ಪ್ರಯತ್ನ ಅಂತ ಅಧ್ಯಕ್ಷನಿಗೇ ಹೇಳಿದ. ಆರು ವಾರದೊಳಗೆ ಲಿಂಕನ್ ಗುಂಡೇಟಿಗೆ ಸತ್ತ. ನಿನಗೆ ಮತ ಹಾಕದವರೂ ಅವತ್ತು ಆ ಸಭಾಂಗಣದಲ್ಲಿ ಕೂತಿರುತ್ತಾರೆ ಅನು. ಅವರ ಮುಖ ನೋಡಿ ಮಾತಾಡು.

ನಿನ್ನ ಫ್ರೆಂಡ್ ಕೆಲವು ವಾಕ್ಯ ಬರೆದುಕೊಟ್ಟಳು, ಅದು ಮೋಸವಾ ಅಂತ ಕೇಳಿದ್ದೀಯ. ಮೋಸವೇನಲ್ಲ. ವಾಷಿಂಗ್ಟನ್ನನ ವಿದಾಯದ ಮಾತಿಗೆ ಹ್ಯಾಮಿಲ್ಟನ್ ಕೈ ಹಾಕಿದ್ದ, ಅಧ್ಯಕ್ಷ ಕೆನಡಿಗೆ ಭಾಷಣ ಬರೆದುಕೊಡಲು ಸೊರೆನ್ಸನ್ ಇದ್ದ. ಆದರೆ ಬೇರೆಯವರ ವಾಕ್ಯವನ್ನು ನಿನ್ನದು ಮಾಡಿಕೋಬೇಕು. 1861ರಲ್ಲಿ ಲಿಂಕನ್‌ನ ಮೊದಲ ಪ್ರಮಾಣವಚನದ ಭಾಷಣಕ್ಕೆ, ಅವನ ಮಂತ್ರಿಯಾಗಲಿದ್ದ ಸೀವರ್ಡ್ ಒಂದು ಕೊನೆಯ ಸಾಲು ಬರೆದುಕೊಟ್ಟ. ದೇಶವನ್ನು ಕಾಯುವ ದೇವತೆ ಅಂತ ಅದರಲ್ಲಿತ್ತು. ಲಿಂಕನ್ ಅದನ್ನು ನಮ್ಮ ಸ್ವಭಾವದೊಳಗಿನ ಒಳ್ಳೆಯ ದೇವತೆಗಳು ಅಂತ ಬದಲಾಯಿಸಿದ. ಎಲ್ಲೋ ಮೇಲಿದ್ದ ದೇವತೆಯನ್ನು ಕೇಳುವವರ ಎದೆಯೊಳಗೆ ತಂದು ಕೂರಿಸಿದ. ನಿನ್ನ ಫ್ರೆಂಡ್ ಬರೆದ ಸಾಲುಗಳು ಓದಿದ ಕೂಡಲೇ ನನಗೆ ಗೊತ್ತಾದವು. ಐದನೇ ಪುಟದ ಎರಡನೇ ಪ್ಯಾರಾ, ಅಲ್ವಾ? ಅಲ್ಲಿ ನಿನ್ನ ದನಿ ಇಲ್ಲ.

ತಿದ್ದುವುದು ಹೇಗೆ ಅಂತ ನೋಡಬೇಕಾದರೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಟೈಪ್ ಮಾಡಿಸಿದ ಒಂದು ಹಾಳೆ ಇದೆ. ಅದರ ಚಿತ್ರ ನೆಟ್‌ನಲ್ಲಿ ಸಿಗುತ್ತೆ. 1941ರ ಡಿಸೆಂಬರ್ 7, ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬ್ ಬಿದ್ದ ದಿನ. ಅವನು ಮೊದಲು ಹೇಳಿ ಟೈಪ್ ಮಾಡಿಸಿದ್ದು, ಜಗತ್ತಿನ ಇತಿಹಾಸದಲ್ಲಿ ಉಳಿಯುವ ದಿನ ಅಂತ. ಆಮೇಲೆ ಪೆನ್ಸಿಲ್ ತಗೊಂಡು "ಜಗತ್ತಿನ ಇತಿಹಾಸ" ಅನ್ನುವುದರ ಮೇಲೆ ಗೀಟು ಎಳೆದ. ಮೇಲ್ಗಡೆ ಒಂದೇ ಪದ ಬರೆದ, ಕಳಂಕ. ಸ್ವಲ್ಪ ಕೆಳಗೆ "ಏಕಕಾಲಕ್ಕೆ" ಅಂತಿದ್ದದ್ದನ್ನು ಹೊಡೆದು "ಇದ್ದಕ್ಕಿದ್ದಂತೆ" ಅಂತ ಮಾಡಿದ. ಮೊದಲ ಮಾತುಗಳು ತಪ್ಪಾಗಿರಲಿಲ್ಲ, ಸಪ್ಪೆಯಾಗಿದ್ದವು. ಪೆಟ್ಟು ತಿಂದವರಿಗೆ ಹೇಗೆ ಅನ್ನಿಸಿತ್ತೋ ಅದು ಆ ಎರಡು ಪದದಲ್ಲಿ ಬಂತು. ನಾನು ಮಕ್ಕಳಿಗೆ ಪ್ರಬಂಧ ತಿದ್ದುವುದನ್ನು ಆ ಹಾಳೆ ತೋರಿಸಿಯೇ ಕಲಿಸುತ್ತಿದ್ದೆ.

ಏಳನೇ ಪುಟದಲ್ಲಿ ನೀನು ಸ್ಟೈಪೆಂಡ್ ಲೆಕ್ಕ ಹೇಳಿದ್ದೀಯ. ನನಗೆ ಒಂದು ಸಾಲೂ ಅರ್ಥವಾಗಲಿಲ್ಲ. ಇದಕ್ಕೂ ರೂಸ್‌ವೆಲ್ಟನೇ ಮೇಷ್ಟ್ರು. 1933ರ ಮಾರ್ಚ್, ದೇಶದ ಬ್ಯಾಂಕುಗಳೆಲ್ಲ ಮುಚ್ಚಿದ್ದವು. 12ನೇ ತಾರೀಖು ಭಾನುವಾರ ರಾತ್ರಿ ಅವನು ರೇಡಿಯೊದಲ್ಲಿ ಮಾತಾಡಿದ. ಬ್ಯಾಂಕಿನ ವಿಷಯ ನಿಮ್ಮ ಹತ್ತಿರ ಸ್ವಲ್ಪ ಹೊತ್ತು ಮಾತಾಡಬೇಕು ಅಂತಲೇ ಶುರು ಮಾಡಿದ. ನೀವು ಕಟ್ಟಿದ ದುಡ್ಡನ್ನು ಬ್ಯಾಂಕು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುವುದಿಲ್ಲ, ಸಾಲ ಕೊಡುತ್ತೆ, ಎಲ್ಲರೂ ಒಂದೇ ದಿನ ಬಂದು ಕೇಳಿದರೆ ಎಲ್ಲಿಂದ ತರುತ್ತೆ ಅಂತ ಬಿಡಿಸಿ ಹೇಳಿದ. ಮತ್ತೆ ತೆರೆದ ಬ್ಯಾಂಕಿನಲ್ಲಿ ದುಡ್ಡು ಇಡುವುದು ಹಾಸಿಗೆ ಕೆಳಗೆ ಇಡುವುದಕ್ಕಿಂತ ಸುರಕ್ಷಿತ ಅಂದ. ಮಾರನೇ ದಿನದಿಂದ ಬ್ಯಾಂಕು ತೆರೆದವು. ಜನ ಸಾಲುಗಟ್ಟಿ ನಿಂತರು, ದುಡ್ಡು ವಾಪಸ್ ಕಟ್ಟಲು! ನಿನ್ನ ಲೆಕ್ಕವನ್ನೂ ಹಾಗೆ ಹೇಳು. ತಿಂಗಳಿಗೆ ಬರುವುದು ಎಷ್ಟು, ಬಾಡಿಗೆಗೆ ಹೋಗುವುದು ಎಷ್ಟು, ಕೈಯಲ್ಲಿ ಉಳಿಯುವುದು ಎಷ್ಟು. ಶೇಕಡಾವಾರು ಬೇಡ.

ಇನ್ನೊಂದೇ ಒಂದು. 1965ರ ಮಾರ್ಚ್ 15ರಂದು ಅಧ್ಯಕ್ಷ ಜಾನ್ಸನ್ ಸಂಸತ್ತಿನ ಮುಂದೆ ನಿಂತಿದ್ದ. ಎಂಟು ದಿನದ ಹಿಂದೆ ಸೆಲ್ಮಾ ಅನ್ನುವ ಊರಿನಲ್ಲಿ ಮತದ ಹಕ್ಕಿಗಾಗಿ ನಡೆದು ಹೊರಟ ಕಪ್ಪು ಜನರನ್ನು ಪೊಲೀಸರು ಸೇತುವೆ ಮೇಲೆ ಬಡಿದಿದ್ದರು. ಕಾನೂನಿನ ಮಾತೆಲ್ಲ ಆಡಿದಮೇಲೆ ಅವನು ತನ್ನ ಹಳೆಯ ಕಥೆ ಹೇಳಿದ. 1928ರಲ್ಲಿ ಅವನು ಟೆಕ್ಸಾಸಿನ ಕೊಟುಲ್ಲಾ ಅನ್ನುವ ಊರಿನಲ್ಲಿ ಮೇಷ್ಟ್ರಾಗಿದ್ದ. ಮಕ್ಕಳು ಮೆಕ್ಸಿಕನ್ ಮೂಲದ ಬಡವರು, ತಿಂಡಿ ತಿನ್ನದೆ ಹಸಿದುಕೊಂಡು ಶಾಲೆಗೆ ಬರುತ್ತಿದ್ದರು. ಆ ಮಕ್ಕಳ ಮಕ್ಕಳಿಗೆ ಸಹಾಯ ಮಾಡುವ ಅವಕಾಶ ಸಿಗುತ್ತೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ, ಈಗ ಸಿಕ್ಕಿದೆ, ಬಳಸಿಕೊಳ್ಳುತ್ತೇನೆ ಅಂದ. ಆಗಸ್ಟ್ 6ಕ್ಕೆ ಮತದಾನದ ಹಕ್ಕಿನ ಕಾಯ್ದೆಗೆ ಸಹಿ ಹಾಕಿದ. ಇದನ್ನು ಮೊದಲ ಸಲ ಓದಿದ ದಿನ ನನಗೆ ಮೈದಾನದಲ್ಲಿ ಬಿದ್ದ ಆ ಹುಡುಗನೇ ಕಣ್ಣ ಮುಂದೆ ಬಂದ. ಅದೇ ಜಾನ್ಸನ್ ವಿಯೆಟ್ನಾಂ ಯುದ್ಧದ ನಿಜ ಸ್ಥಿತಿಯನ್ನು ಜನರಿಂದ ಮುಚ್ಚಿಟ್ಟ. ಜನ ಅವನ ಮಾತು ನಂಬುವುದನ್ನೇ ಬಿಟ್ಟರು. 1968ರಲ್ಲಿ ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಅಂತ ತಾನೇ ಹೇಳಬೇಕಾಯಿತು. ಹಾಗಾಗಿ ಈ ವರ್ಷ ನಿನ್ನ ಕೈಲಿ ಆಗುವುದನ್ನು ಮಾತ್ರ ಹೇಳು. ಕೊನೆಯ ಪುಟದ ಹನ್ನೊಂದು ಭರವಸೆಗಳಲ್ಲಿ ಎರಡು ಉಳಿಸು.

ಆರನೇ ಪುಟದ ಮಧ್ಯೆ ಐದೇ ಸಾಲಿನಲ್ಲಿ ಒಬ್ಬ ಹುಡುಗನ ವಿಷಯ ಬರೆದಿದ್ದೀಯ. ಬಾಡಿಗೆ ಕಟ್ಟಲಾಗದೆ ಎರಡು ವಾರ ಲ್ಯಾಬಿನಲ್ಲೇ ಮಲಗಿದ್ದವನು. ಬೆಳಿಗ್ಗೆ ನೀನು ಬಾಗಿಲು ತೆಗೆದಾಗ ಮಡಚಿದ ಹೊದಿಕೆಯನ್ನು ಮೇಜಿನ ಕೆಳಗೆ ತಳ್ಳಿದ ಅಂತ ಬರೆದಿದ್ದೀಯ. ಓದಿ ನಾನು ಕನ್ನಡಕ ತೆಗೆದಿಟ್ಟು ಸುಮ್ನೆ ಕೂತುಬಿಟ್ಟೆ. ನಿನ್ನ ಭಾಷಣ ಅಲ್ಲಿಂದ ಶುರುವಾಗಲಿ. ಅವನನ್ನು ಮೊದಲು ಕೇಳು, ಅವನು ಒಪ್ಪಿದರೆ ಮಾತ್ರ ಹೇಳು, ಹೆಸರು ಬೇಡ.

ತಿದ್ದಿದ ಮೇಲೆ ನಿನ್ನ ರೂಮ್‌ಮೇಟ್ ಮುಂದೆ ಜೋರಾಗಿ ಓದು. ಆಮೇಲೆ ನಿಮ್ಮಪ್ಪನ ಫೋನಿಗೆ ಕಳಿಸು. ಎರಡು ಪುಟ ಬಂದರೆ ಸಾಕು. ಪ್ರಿಂಟ್ ಬೇಡ, ಅವನ ಫೋನಿನಲ್ಲೇ ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತೇನೆ. ದೊಡ್ಡಮ್ಮ ಶೇಂಗಾ ಚಟ್ನಿಪುಡಿ ಮಾಡಿಟ್ಟಿದ್ದಾಳೆ. ಮುಂದಿನ ತಿಂಗಳು ಆ ಕಡೆ ಬರುವವರ ಕೈಲಿ ಕಳಿಸುತ್ತೇವೆ.

ಇತಿ ನಿನ್ನ ಪ್ರೀತಿಯ
ದೊಡ್ಡಪ್ಪ