ಕ್ಯಾಶುವಾಲ್ಟಿಯಲ್ಲಿ ಮೊದಲು ಯಾರನ್ನು ನೋಡಬೇಕು? ತಾಲ್ಲೂಕು ಆಸ್ಪತ್ರೆ ಕುರಿತು ನಿವಾಸಿಗಳ ಮನವಿ

ಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಆರೋಗ್ಯ ರಕ್ಷಾ ಸಮಿತಿ,
ತಾಲ್ಲೂಕು ಸಾರ್ವಜನಿಕ ಆಸ್ಪತ್ರೆ.

ವಿಷಯ: ತುರ್ತು ಚಿಕಿತ್ಸಾ ವಿಭಾಗದಲ್ಲಿ ರೋಗಿಗಳು ಬಹಳ ಹೊತ್ತು ಕಾಯುವುದನ್ನು ತಪ್ಪಿಸುವ ಬಗ್ಗೆ.

ಮಾನ್ಯರೇ,

ನಾವು ಕೋಟೆ ಬೀದಿ, ಸಂತೆ ಮೈದಾನ, ಹೊಸ ಬಡಾವಣೆ ಮತ್ತು ಹೆದ್ದಾರಿ ಆಚೆಯ ಹಳ್ಳಿಗಳ ನಿವಾಸಿಗಳು. ರಾತ್ರಿ ಹೊತ್ತು ಏನಾದರೂ ಆದರೆ ನಮಗೆಲ್ಲ ಇರುವುದು ಇದೊಂದೇ ಆಸ್ಪತ್ರೆ. ಜಿಲ್ಲಾಸ್ಪತ್ರೆಗೆ ಗಂಟೆಗೂ ಜಾಸ್ತಿ ದಾರಿ. ಊರಿನ ನರ್ಸಿಂಗ್ ಹೋಂಗಳ ಬಾಗಿಲು ಬಡಿದರೆ ರಾತ್ರಿ ಹತ್ತರ ಮೇಲೆ 'ದೊಡ್ಡಾಸ್ಪತ್ರೆಗೆ ಹೋಗಿ' ಅನ್ನುತ್ತಾರೆ. ಅವರು ಹೇಳುವ ದೊಡ್ಡಾಸ್ಪತ್ರೆ ಇದೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಡಾಕ್ಟರುಗಳ ಮೇಲಾಗಲಿ, ಸಿಸ್ಟರುಗಳ ಮೇಲಾಗಲಿ ದೂರು ಹೇಳಲು ನಾವು ಬಂದಿಲ್ಲ. ಡಾಕ್ಟರ್ ಸಾಲದು, ಹುದ್ದೆ ತುಂಬಿಸಿ ಎಂದು ಊರಿನವರು ಹಿಂದೆಯೂ ಅರ್ಜಿ ಕೊಟ್ಟಿದ್ದಾರೆ, ಮುಂದೆಯೂ ಕೊಡುತ್ತೇವೆ. ಅದು ಬೆಂಗಳೂರಿನಲ್ಲಿ ತೀರ್ಮಾನ ಆಗುವ ವಿಷಯ. ಆದರೆ ಇರುವ ಒಬ್ಬ ಡ್ಯೂಟಿ ಡಾಕ್ಟರ್ ಬಾಗಿಲಲ್ಲಿ ಕಾದಿರುವ ಇಪ್ಪತ್ತು ಜನರಲ್ಲಿ ಯಾರನ್ನು ಮೊದಲು ನೋಡಬೇಕು? ಇದನ್ನು ಸದ್ಯಕ್ಕೆ ಯಾರೂ ತೀರ್ಮಾನಿಸುತ್ತಿಲ್ಲ. ಚೀಟಿ ಬರೆಸಿದ ಸಾಲೇ ತೀರ್ಮಾನಿಸುತ್ತಿದೆ. ರೇಷನ್ ಅಂಗಡಿಯಲ್ಲಿ ಅಕ್ಕಿಗೆ ನಿಂತ ಹಾಗೆ ಜೀವಕ್ಕೂ ಸಾಲು ನಿಲ್ಲಬೇಕಾಗಿದೆ. ಇದನ್ನು ಸರಿಪಡಿಸುವುದು ನಿಮ್ಮ ಸಮಿತಿಯ ಕೈಯಲ್ಲೇ ಇದೆ ಎಂದು ನಾವು ನಂಬಿದ್ದೇವೆ.

ಕಳೆದ ಮಳೆಗಾಲದ ಒಂದು ಸಂಜೆ ನಡೆದದ್ದನ್ನು ಹೇಳುತ್ತೇವೆ. ನಮ್ಮಲ್ಲಿ ಕೆಲವರು ಅಲ್ಲೇ ಇದ್ದೆವು. ಕಬ್ಬಿನ ಗದ್ದೆಯಲ್ಲಿ ತರಗು ತೆಗೆಯುತ್ತಿದ್ದ ಹೆಂಗಸಿಗೆ ಹಾವು ಕಚ್ಚಿತ್ತು. ಗಂಡ ಮತ್ತು ಮೈದುನ ಬೈಕಿನಲ್ಲಿ ಮಧ್ಯ ಕೂರಿಸಿಕೊಂಡು ಕರೆತಂದರು. ಚೀಟಿ ಕೌಂಟರಿನಲ್ಲಿ ಹೆಸರು, ವಯಸ್ಸು, ಆಧಾರ್ ಎಲ್ಲ ಕೇಳಿದರು. ಆಮೇಲೆ ಬೆಂಚಿನ ಮೇಲೆ ಕೂರಿಸಿದರು. ಒಳಗೆ ಪೊಲೀಸರು ಮೂವರು ಆರೋಪಿಗಳನ್ನು ಮೆಡಿಕಲ್ ಮಾಡಿಸಲು ಕರೆತಂದಿದ್ದರು. ಡಾಕ್ಟರ್ ಒಬ್ಬೊಬ್ಬರ ಮೈಮೇಲಿನ ಗಾಯದ ಗುರುತು ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಹೊರಗೆ ಆ ಹೆಂಗಸಿನ ಪಾದ ಊದಿ, ಕಾಲುಂಗುರ ಮಾಂಸದಲ್ಲಿ ಹೂತುಹೋಗಿತ್ತು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಸೋಪು ಹಚ್ಚಿ ಅದನ್ನು ಬಿಡಿಸಲು ನೋಡುತ್ತಿದ್ದರು. ಆ ಹೊತ್ತಿಗೆ ವಾರ್ಡಿನಿಂದ ಬಂದ ಸಿಸ್ಟರ್ ಒಬ್ಬರು ಆಕೆಯ ವಸಡಿನಲ್ಲಿ ರಕ್ತ ಕಂಡು ಕೂಗಿಕೊಂಡರು. ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಹಾಕಿದರು. ಆಕೆ ಉಳಿದರು. ಆ ಸಿಸ್ಟರ್ ಆ ದಾರಿಯಲ್ಲಿ ಬರದಿದ್ದರೆ ಏನಾಗುತ್ತಿತ್ತೋ.

ಆ ಡಾಕ್ಟರ್ ತಪ್ಪು ಮಾಡಿದರು ಎಂದು ಹೇಳಲಾರೆವು. ಅವರು ಕೋಣೆಯೊಳಗಿದ್ದರು, ಹೊರಗೆ ಯಾರಿದ್ದಾರೆ ಎಂದು ಅವರಿಗೆ ಹೇಳುವವರೇ ಇರಲಿಲ್ಲ. ನಾವು ಹೇಳುವುದು ಇಷ್ಟೇ. ಕೊಳಕು ಮಂಡಲದಂಥ ಹಾವು ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದು ನಿಂತುಹೋಗುತ್ತದೆ. ಅದನ್ನು ತಿಳಿಯಲು ದೊಡ್ಡ ಮೆಷಿನ್ ಏನೂ ಬೇಡ. ಒಣಗಿದ, ಚೊಕ್ಕಟವಾದ ಗಾಜಿನ ಟ್ಯೂಬಿನಲ್ಲಿ ಸ್ವಲ್ಪ ರಕ್ತ ತೆಗೆದು, ಅಲುಗಾಡಿಸದೆ 20 ನಿಮಿಷ ಇಡುತ್ತಾರೆ. ಆಮೇಲೆ ಬಾಗಿಸಿ ನೋಡುತ್ತಾರೆ. ನೀರಿನಂತೆ ಹರಿದರೆ ವಿಷ ಏರಿದೆ ಎಂದು ಅರ್ಥ. ಈ ಟ್ಯೂಬನ್ನು ಬಾಗಿಲಲ್ಲೇ ಸಿಸ್ಟರ್ ತುಂಬಿಸಿ ಇಟ್ಟಿದ್ದರೆ, ಆ ಹೆಂಗಸು ಬೆಂಚಿನ ಮೇಲೆ ಕೂತಿದ್ದ ಹೊತ್ತಿನಲ್ಲೇ ಉತ್ತರ ಸಿಕ್ಕಿರುತ್ತಿತ್ತು. ಕಾಯುವುದು ತಪ್ಪದಿದ್ದರೂ ಕಾದ ಹೊತ್ತು ಸುಮ್ನೆ ಹಾಳಾಗುತ್ತಿರಲಿಲ್ಲ, ಅಲ್ವಾ? 2024ರಲ್ಲಿ ನಮ್ಮ ರಾಜ್ಯ ಸರ್ಕಾರವೇ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ವರದಿ ಬರೆಯುವುದಕ್ಕೆ ಮುಂಚೆ ರೋಗಿಯನ್ನು ನೋಡುವ ಏರ್ಪಾಡು ಆಗಬೇಕು.

ಎದೆನೋವಿನ ಕಥೆಯೂ ಹೀಗೇ. ನಮ್ಮ ಜನ ಎದೆ ಹಿಡಿದುಕೊಂಡರೆ ಮೊದಲು ಗ್ಯಾಸ್ಟ್ರಿಕ್ ಅನ್ನುತ್ತಾರೆ. ಸೋಡಾ ಕುಡಿದು, ಜೀರಿಗೆ ಕಷಾಯ ಕುಡಿದು, ಆಗಲೇ ಬಹಳ ಹೊತ್ತು ಕಳೆದುಕೊಂಡು ಆಸ್ಪತ್ರೆಗೆ ಬರುತ್ತಾರೆ. ಕೌಂಟರಿನಲ್ಲೂ 'ಗ್ಯಾಸ್ ಇರ್ಬೇಕು' ಎಂದೇ ಬರೆಸುತ್ತಾರೆ. ಸಾಲಿನಲ್ಲಿ ಅವರು ಹಿಂದೆ, ಕೈಗೆ ಮುಳ್ಳು ಚುಚ್ಚಿಸಿಕೊಂಡವನು ಮುಂದೆ. ಎದೆನೋವು ಎಂದು ಬಂದವರಿಗೆ 10 ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುವುದು ಡಾಕ್ಟರುಗಳಿಗೆ ಪಾಠದಲ್ಲೇ ಹೇಳಿಕೊಟ್ಟಿರುವ ಮಾತು. 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದಿರುವುದೂ ಇದಕ್ಕೇ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಕಳಿಸಿದರೆ ಜಯದೇವದಂಥ ಕೇಂದ್ರದ ತಜ್ಞರು ನೋಡಿ ಹೇಳುತ್ತಾರೆ. ಹೃದಯಾಘಾತ ಎಂದು ಖಚಿತವಾದರೆ ರಕ್ತದ ಗಂಟು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಇಲ್ಲೇ ಉಚಿತವಾಗಿ ಸಿಗುತ್ತದೆ. ಹೊರಗೆ ಅದಕ್ಕೆ ಸಾವಿರಾರು ರೂಪಾಯಿ. ಇಷ್ಟೆಲ್ಲ ಸರ್ಕಾರ ಕೊಟ್ಟಿದೆ. ಆದರೆ ರೋಗಿ ಬಾಗಿಲಿನಿಂದ ಇಸಿಜಿ ಟೇಬಲ್ಲಿಗೆ ತಲುಪುವ ಹತ್ತು ಹೆಜ್ಜೆಯಲ್ಲೇ ಹೊತ್ತು ಮುಗಿದರೆ ಯೋಜನೆ ಇದ್ದೂ ಏನು ಬಂತು? 2025ರ ಬೇಸಿಗೆ ಕಳೆದ ಮೇಲೆ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ಟಿವಿಯಲ್ಲಿ ಬಂದಾಗಿನಿಂದ ಹೆದರಿಕೊಂಡು ಬರುವವರೂ ಜಾಸ್ತಿಯಾಗಿದ್ದಾರೆ. ಹೆದರಿ ಬಂದವರ ನಡುವೆ ನಿಜವಾಗಿ ತೊಂದರೆ ಇರುವವರನ್ನು ಹುಡುಕಲು ಬಾಗಿಲಲ್ಲಿ ಒಂದು ಕಣ್ಣು ಬೇಕೇ ಬೇಕು.

ಆ ಕಣ್ಣನ್ನೇ ನಾವು ಕೇಳುತ್ತಿರುವುದು. ಕ್ಯಾಶುವಾಲ್ಟಿ ಬಾಗಿಲಲ್ಲಿ, ಚೀಟಿ ಕೌಂಟರಿಗಿಂತ ಮುಂದೆ, ತರಬೇತಿ ಪಡೆದ ಒಬ್ಬ ಸಿಸ್ಟರ್ ಇರಲಿ. ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗಾದರೂ ಇರಲಿ. ಬಂದವರ ನಾಡಿ, ಬಿಪಿ, ಉಸಿರು, ಆಕ್ಸಿಜನ್ ನೋಡಿ ಜೀವಕ್ಕೆ ಅಪಾಯ ಇದ್ದವರಿಗೆ ಕೆಂಪು, ಸ್ವಲ್ಪ ಹೊತ್ತು ಕಾಯಬಹುದಾದವರಿಗೆ ಹಳದಿ, ಸಣ್ಣಪುಟ್ಟ ತೊಂದರೆಯವರಿಗೆ ಹಸಿರು ಪಟ್ಟಿ ಕೈಗೆ ಕಟ್ಟಲಿ. ಕೆಂಪು ಪಟ್ಟಿಯವರು ಚೀಟಿ ಇಲ್ಲದೆ ಸೀದಾ ಒಳಗೆ ಹೋಗಲಿ, ಚೀಟಿಯನ್ನು ಜೊತೆಗೆ ಬಂದವರು ಆಮೇಲೆ ಮಾಡಿಸಲಿ. ಇದನ್ನೇ ಟ್ರಯಾಜ್ ಅನ್ನುತ್ತಾರೆ. ಇದು ನಾವು ಹೊಸದಾಗಿ ಹುಟ್ಟಿಸಿದ ಬೇಡಿಕೆಯಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಹೊರಡಿಸಿದ ಸಾರ್ವಜನಿಕ ಆಸ್ಪತ್ರೆಗಳ ಮಾನದಂಡದಲ್ಲೇ ಇದೆ. ಹಾವು ಕಡಿತಕ್ಕೆ ಗಾಜಿನ ಟ್ಯೂಬ್, ಎದೆನೋವಿಗೆ ಇಸಿಜಿ, ಇವೆರಡನ್ನು ಡಾಕ್ಟರಿಗೆ ಕಾಯದೆ ಶುರು ಮಾಡಲು ಆ ಸಿಸ್ಟರಿಗೆ ಬರವಣಿಗೆಯಲ್ಲಿ ಅಧಿಕಾರ ಕೊಡಿ. ಬಾಯಿಮಾತಿನಲ್ಲಿ ಹೇಳಿದರೆ ನಾಳೆ ಏನಾದರೂ ಆದಾಗ ಅವರೇ ಉತ್ತರ ಕೊಡಬೇಕಾಗುತ್ತದೆ, ಅದಕ್ಕೆ ಹೆದರಿ ಯಾರೂ ಮುಂದೆ ಬರುವುದಿಲ್ಲ.

ಇನ್ನು ಆ ಒಬ್ಬ ಡಾಕ್ಟರಿನ ತಲೆಮೇಲೆ ಏನೇನಿದೆ ನೋಡಿ. ಅಪಘಾತದ ಕೇಸು, ಅದರ ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ವೈದ್ಯಕೀಯ ದಾಖಲೆ) ಬರವಣಿಗೆ, ವಾರ್ಡಿನಿಂದ ಕರೆ, ಹೆರಿಗೆ ವಾರ್ಡಿನಿಂದ ಕರೆ, ಕುಡಿದು ಗಾಡಿ ಓಡಿಸಿದವರ ಪರೀಕ್ಷೆ, ಆರೋಪಿಗಳ ಮೆಡಿಕಲ್. ಹಗಲಾದರೆ ಪೋಸ್ಟ್‌ಮಾರ್ಟಂ, ಕೋರ್ಟಿನ ಸಾಕ್ಷಿ. ಇವೆಲ್ಲ ಕಾನೂನಿನ ಪ್ರಕಾರ ಆಗಲೇಬೇಕಾದ ಕೆಲಸ, ಬೇಡ ಅನ್ನುವವರು ನಾವಲ್ಲ. ಆದರೆ ಗಟ್ಟಿಮುಟ್ಟಾಗಿ ನಿಂತಿರುವ ಆರೋಪಿಯ ಮೆಡಿಕಲ್ ಸ್ವಲ್ಪ ತಡವಾದರೆ ಯಾರ ಜೀವವೂ ಹೋಗುವುದಿಲ್ಲ. ಪೊಲೀಸ್ ಠಾಣೆಯೊಂದಿಗೆ ಮಾತಾಡಿ ಇದಕ್ಕೆ ಬೇರೆ ಸಮಯ ಗೊತ್ತು ಮಾಡಿ. ಸಂಜೆ ಆರರಿಂದ ಒಂಬತ್ತರ ನಡುವೆ, ಅಂದರೆ ರೋಗಿಗಳು ಮುಗಿಬೀಳುವ ಹೊತ್ತಿನಲ್ಲಿ, ತೀರಾ ಅನಿವಾರ್ಯವಲ್ಲದ ಮೆಡಿಕಲ್ ಬೇಡ. ಗಾಯಾಳುಗಳ ವಿಷಯದಲ್ಲಂತೂ ಪೊಲೀಸ್ ಕಾಗದ ಆಮೇಲೆ, ಚಿಕಿತ್ಸೆ ಮೊದಲು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿಬಿಟ್ಟಿದೆ.

ಸಂಜೆ ಯಾಕೆ ಅಷ್ಟು ಜನ ಎಂದು ನೀವು ಕೇಳಬಹುದು. ನೆಗಡಿ, ಜ್ವರ, ಮಂಡಿನೋವಿಗೆಲ್ಲ ಕ್ಯಾಶುವಾಲ್ಟಿಗೆ ಬರುತ್ತಾರೆ ಎಂದು ಸಿಬ್ಬಂದಿ ಬೇಸರ ಮಾಡಿಕೊಳ್ಳುತ್ತಾರೆ. ನಿಜ. ಆದರೆ ಹಗಲು ಓಪಿಡಿಗೆ ಬಂದರೆ ಒಂದು ದಿನದ ಕೂಲಿ ಹೋಯಿತು. ಗಾರ್ಮೆಂಟ್ಸ್‌ಗೆ ಹೋಗುವವರಿಗೆ, ಗದ್ದೆ ಕೆಲಸದವರಿಗೆ ಬಿಡುವು ಸಿಗುವುದೇ ಓಪಿಡಿ ಮುಚ್ಚಿದ ಮೇಲೆ. ಅವರಿಗೆ ಬೈದು ಪ್ರಯೋಜನವಿಲ್ಲ. ಪಟ್ಟಣದಲ್ಲಿರುವ ಸರ್ಕಾರದ 'ನಮ್ಮ ಕ್ಲಿನಿಕ್' ರಾತ್ರಿ ಎಂಟರವರೆಗೆ ತೆರೆದಿದ್ದರೆ ಹಸಿರು ಪಟ್ಟಿಯವರಲ್ಲಿ ಬಹಳ ಜನ ಅಲ್ಲೇ ಮುಗಿಸಿಕೊಂಡು ಮನೆಗೆ ಹೋಗುತ್ತಾರೆ. ಇದಕ್ಕಾಗಿ ಪುರಸಭೆ ಮುಖ್ಯಾಧಿಕಾರಿಗಳಿಗೂ ಈ ಮನವಿಯ ಪ್ರತಿ ಕೊಟ್ಟಿದ್ದೇವೆ.

ಸಾಲು ತಪ್ಪುವುದು ಇನ್ನೊಂದು ದಾರಿಯಲ್ಲೂ ಇದೆ. ಯಾರೋ ಮೆಂಬರಿಗೆ ಫೋನ್ ಹೋಗುತ್ತದೆ, ಮೆಂಬರಿಂದ ಡಾಕ್ಟರಿಗೆ ಫೋನ್ ಬರುತ್ತದೆ, 'ನಮ್ಮ ಹುಡುಗ, ಸ್ವಲ್ಪ ನೋಡಿ'. ಹುಡುಗ ಒಳಗೆ ಹೋಗುತ್ತಾನೆ. ಫೋನ್ ಮಾಡಲು ಯಾರೂ ಇಲ್ಲದವರು ಬೆಂಚಿನ ಮೇಲೆ ಉಳಿಯುತ್ತಾರೆ. ಕೈಗೆ ಬಣ್ಣದ ಪಟ್ಟಿ ಬಂದರೆ ಇದೂ ನಿಲ್ಲುತ್ತದೆ, ಯಾಕೆಂದರೆ ಹಸಿರು ಪಟ್ಟಿ ಕಟ್ಟಿಕೊಂಡು ಒಳಗೆ ನುಗ್ಗಿದವನನ್ನು ಸಾಲಿನವರೇ ಕೇಳುತ್ತಾರೆ. ಸಮಿತಿಯ ಸದಸ್ಯರೂ ಇಂಥ ಫೋನ್ ಮಾಡುವುದಿಲ್ಲ ಎಂದು ತಮ್ಮಲ್ಲೇ ಒಂದು ನಿರ್ಣಯ ಮಾಡಿಕೊಂಡರೆ ನಮಗೆ ಬಹಳ ಸಂತೋಷ.

ರೆಫರ್ ಮಾಡುವ ವಿಷಯವನ್ನು ಬಿಡುವಂತಿಲ್ಲ. ಇಲ್ಲಿ ಆಗದಿದ್ದರೆ ಜಿಲ್ಲಾಸ್ಪತ್ರೆಗೆ ಕಳಿಸುವುದು ಸರಿಯೇ. ಆದರೆ ಒಂದು ಚೀಟಿ ಕೈಗೆ ಕೊಟ್ಟು ಕಳಿಸಿದರೆ ಅಲ್ಲಿ ಮತ್ತೆ ಮೊದಲಿನಿಂದ ಸಾಲು. ವೆಂಟಿಲೇಟರ್ ಖಾಲಿ ಇಲ್ಲ ಅಂದರೆ ಮತ್ತೊಂದು ಊರು. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ಹಕೀಂ ಶೇಖ್ ಎಂಬ ಕೂಲಿ ಕಾರ್ಮಿಕರು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ಬೆಡ್ ಇಲ್ಲ ಎಂದು ಕಳಿಸಿತು. ಕೊನೆಗೆ ಅವರು ದುಡ್ಡು ಕೊಟ್ಟು ಖಾಸಗಿಯಲ್ಲಿ ಸೇರಬೇಕಾಯಿತು. 1996ರಲ್ಲಿ ಸುಪ್ರೀಂ ಕೋರ್ಟ್ ಇದು ಬದುಕುವ ಹಕ್ಕಿಗೇ ಧಕ್ಕೆ ಎಂದು ಹೇಳಿ, 25,000 ರೂಪಾಯಿ ಪರಿಹಾರ ಕೊಡಿಸಿತು. ಯಾವ ಆಸ್ಪತ್ರೆಯಲ್ಲಿ ಬೆಡ್ ಇದೆ ಎಂದು ತಿಳಿದುಕೊಂಡೇ ರೋಗಿಯನ್ನು ಅಲ್ಲಿಗೆ ಕಳಿಸುವ ವ್ಯವಸ್ಥೆ ಇರಬೇಕು ಎಂದೂ ಹೇಳಿತು. ಆಗ ಎಲ್ಲರ ಕೈಯಲ್ಲಿ ಮೊಬೈಲ್ ಇರಲಿಲ್ಲ, ಈಗ ಇದೆ. ಕಳಿಸುವ ಮುಂಚೆ ಇಲ್ಲಿಂದ ಅಲ್ಲಿಗೆ ಒಂದು ಕರೆ ಹೋಗಲಿ, ಯಾರು ಮಾತಾಡಿದರು ಎಂದು ರೆಫರ್ ಚೀಟಿಯಲ್ಲಿ ಬರೆಯಲಿ. ಅಷ್ಟೇ ಕೇಳುವುದು.

ಇದರ ಜೊತೆಗೇ ಸ್ಟ್ರೆಚರಿನ ಮಾತು. 2008ರಿಂದ 108 ಆಂಬ್ಯುಲೆನ್ಸ್ ನಮ್ಮ ಹಳ್ಳಿಗಳಿಗೆ ಎಷ್ಟು ಆಸರೆಯಾಗಿದೆ ಎಂದು ಹೇಳಬೇಕಾಗಿಲ್ಲ. ಆದರೆ ಆಸ್ಪತ್ರೆಯಲ್ಲಿ ಸ್ಟ್ರೆಚರ್ ಖಾಲಿ ಇಲ್ಲದಿದ್ದರೆ ರೋಗಿ ಆಂಬ್ಯುಲೆನ್ಸಿನ ಸ್ಟ್ರೆಚರಿನ ಮೇಲೇ ಉಳಿಯುತ್ತಾರೆ. ಗಾಡಿ ಹೊರಗೆ ಸುಮ್ನೆ ನಿಂತಿರುತ್ತದೆ, ಇನ್ನೊಂದು ಹಳ್ಳಿಯಿಂದ ಕರೆ ಬಂದರೂ ಹೊರಡುವಂತಿಲ್ಲ. ಇರುವ ಸ್ಟ್ರೆಚರುಗಳಲ್ಲಿ ಒಂದರ ಚಕ್ರ ಮುರಿದು ಎಕ್ಸ್‌ರೇ ಕೋಣೆ ಪಕ್ಕ ಮೂಲೆ ಸೇರಿದೆ, ಅದರ ಮೇಲೆ ಈಗ ಫಿನಾಯಿಲ್ ಕ್ಯಾನ್ ಇಡುತ್ತಾರೆ. ಸಮಿತಿಯ ನಿಧಿಯಿಂದ ಹೊಸ ಸ್ಟ್ರೆಚರ್ ತರಿಸಿ, ಹಳೆಯದಕ್ಕೆ ಚಕ್ರ ಹಾಕಿಸಿ. ದುಡ್ಡು ಸಾಲದಿದ್ದರೆ ಹೇಳಿ, ಅಂಗಡಿ ಬೀದಿಯವರು ಮತ್ತು ಹಾಲಿನ ಡೈರಿಯವರು ಕೈಜೋಡಿಸಲು ಒಪ್ಪಿದ್ದಾರೆ.

ಕ್ಯಾಶುವಾಲ್ಟಿ ಗೋಡೆಯ ಮೇಲೆ ಈಗ ದೊಡ್ಡದೊಂದು ಬೋರ್ಡ್ ಇದೆ. ವೈದ್ಯಕೀಯ ಸಿಬ್ಬಂದಿ ಮೇಲೆ ಹಲ್ಲೆ ಮಾಡಿದರೆ 2009ರ ಕಾಯ್ದೆ ಪ್ರಕಾರ ಶಿಕ್ಷೆ ಎಂದು ಬರೆದಿದೆ. ಇರಲಿ, ಇರಬೇಕು. ಸಿಸ್ಟರುಗಳ ಮೇಲೆ ಕೂಗಾಡುವವರನ್ನು ನಾವೂ ತಡೆದಿದ್ದೇವೆ. ಆದರೆ ಮೊದಲು ಬಂದ ನನ್ನನ್ನು ಬಿಟ್ಟು ಆಮೇಲೆ ಬಂದವನನ್ನು ಯಾಕೆ ಒಳಗೆ ಕರೆದರು ಎಂದು ಹೇಳುವ ಬೋರ್ಡ್ ಒಂದೂ ಇಲ್ಲ. ಜಗಳ ಹುಟ್ಟುವುದೇ ಅಲ್ಲಿ. ಪಕ್ಕದಲ್ಲೇ ಇನ್ನೊಂದು ಬೋರ್ಡ್ ಹಾಕಿ: ಯಾವ ಬಣ್ಣದವರನ್ನು ಯಾವಾಗ ನೋಡುತ್ತೇವೆ, ಇವತ್ತು ಡ್ಯೂಟಿಯಲ್ಲಿ ಯಾರಿದ್ದಾರೆ, ಡಾಕ್ಟರ್ ಈಗ ಕ್ಯಾಶುವಾಲ್ಟಿಯಲ್ಲಿದ್ದಾರೋ ವಾರ್ಡಿಗೆ ಹೋಗಿದ್ದಾರೋ. ಡಾಕ್ಟರ್ ಹೆರಿಗೆ ಕೋಣೆಯಲ್ಲಿದ್ದಾರೆ ಎಂದು ಗೊತ್ತಾದರೆ ಜನ ಕಾಯುತ್ತಾರೆ. ಏನೂ ಗೊತ್ತಾಗದಿದ್ದಾಗಲೇ ಬಾಗಿಲು ಬಡಿಯುತ್ತಾರೆ.

ಕೊನೆಯದಾಗಿ ರಿಜಿಸ್ಟರ್. ಈಗ ಅದರಲ್ಲಿ ರೋಗಿಯ ಹೆಸರು, ಊರು, ಕಾಯಿಲೆ ಇದೆ, ಕಾದ ಹೊತ್ತಿನ ಲೆಕ್ಕ ಇಲ್ಲ. ಬಂದ ಸಮಯ, ಸಿಸ್ಟರ್ ನೋಡಿದ ಸಮಯ, ಡಾಕ್ಟರ್ ನೋಡಿದ ಸಮಯ ಎಂದು ಮೂರು ಕಾಲಂ ಎಳೆಯಲು ಒಂದು ಸ್ಕೇಲ್ ಸಾಕು. ತಿಂಗಳಿಗೊಮ್ಮೆ ಆ ಲೆಕ್ಕವನ್ನು ಸಮಿತಿಯ ಸಭೆಯಲ್ಲಿ ಇಡಿ, ಸೂಚನಾ ಫಲಕದಲ್ಲಿ ಹಾಕಿ. ಹೆಸರುಗಳು ಬೇಡ, ಸಮಯ ಮಾತ್ರ ಸಾಕು. ಇನ್ನೊಬ್ಬ ಡಾಕ್ಟರ್ ಬೇಕು ಎಂದು ಬೆಂಗಳೂರಿಗೆ ಬರೆಯುವಾಗ ಈ ಲೆಕ್ಕ ನಿಮ್ಮ ಕೈಯಲ್ಲೂ ಇರುತ್ತದೆ.

ಸಮಿತಿಯ ಮುಂದಿನ ಸಭೆಗೆ ನಮ್ಮಲ್ಲಿ ಇಬ್ಬರನ್ನು ಕರೆಯಬೇಕೆಂದು ಕೋರುತ್ತೇವೆ. ಅವರಲ್ಲಿ ಒಬ್ಬರು ನಿವೃತ್ತ ಸ್ಟಾಫ್ ನರ್ಸ್. ಬಾಗಿಲಲ್ಲಿ ಕೂರುವ ಸಿಸ್ಟರುಗಳಿಗೆ ಹೇಳಿಕೊಡಲು ತಾವು ಬರುತ್ತೇನೆ, ಸಂಬಳ ಬೇಡ ಎಂದಿದ್ದಾರೆ. ಠಾಣೆಯವರ ಜೊತೆ ಮಾತಾಡಲು ನಾವೂ ನಿಮ್ಮೊಂದಿಗೆ ಬರಬೇಕೆಂದರೆ ತಯಾರಿದ್ದೇವೆ. ಸಭೆಯ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿಗಳು,
ಪಟ್ಟಣ ಮತ್ತು ಸುತ್ತಲಿನ ಹಳ್ಳಿಗಳ ನಿವಾಸಿಗಳು
(ಸಹಿಗಳ ಹಾಳೆ ಲಗತ್ತಿಸಿದೆ)

ಪ್ರತಿಗಳು: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು, ತಾಲ್ಲೂಕು ಆರೋಗ್ಯಾಧಿಕಾರಿಗಳು, ಪುರಸಭೆ ಮುಖ್ಯಾಧಿಕಾರಿಗಳು.