ವೃಕ್ಷೋದ್ಯಾನಕ್ಕೆ ಜೋಕಾಲಿಯಷ್ಟೇ ಅಲ್ಲ, ದಾಖಲೆ ಪುಸ್ತಕವೂ ಬೇಕು

ಮಾನ್ಯ ಸಂಪಾದಕರೇ,

ಸಾಲುಮರದ ತಿಮ್ಮಕ್ಕ ಹೆಸರಿನ ವೃಕ್ಷೋದ್ಯಾನಗಳಿಗೆ ಈಗ ಜನ ಬರುತ್ತಿದ್ದಾರೆ. ಜೋಕಾಲಿ, ಜಾರುಬಂಡಿ, ವಾಕಿಂಗ್ ದಾರಿ ಇರಲಿ, ತಕರಾರಿಲ್ಲ. ಆದರೆ ಈ ಗಿಡದ ಬೀಜ ಎಲ್ಲಿಯದು, ನೆಟ್ಟದ್ದು ಯಾವಾಗ, ಜೊತೆಗೆ ನೆಟ್ಟವುಗಳಲ್ಲಿ ಎಷ್ಟು ಉಳಿದವು ಎಂದು ಕೇಳಿದರೆ ಪುಸ್ತಕ ತೆಗೆದು ತೋರಿಸುವ ಉದ್ಯಾನ ಅಪರೂಪ. 1872ರಲ್ಲಿ ಶುರುವಾದ ಅಮೆರಿಕದ ಬಾಸ್ಟನ್‌ನ ಅರ್ನಾಲ್ಡ್ ಆರ್ಬೊರೇಟಂ ಎಂಬ ವೃಕ್ಷೋದ್ಯಾನದಲ್ಲಿ ಪ್ರತಿ ಮರಕ್ಕೂ ನೋಂದಣಿ ಸಂಖ್ಯೆಯಿದೆ. ವಿಜಯಪುರದಲ್ಲಿ ಅದನ್ನು ಮಾಡಲು ಬೇಕಾದದ್ದು ಒಂದು ರಿಜಿಸ್ಟರ್, ಒಂದು ಟೇಪು, ಅಲ್ಯೂಮಿನಿಯಂ ತಗಡು.

ತಗಡಿನ ಮೇಲೆ ಸಂಖ್ಯೆಯನ್ನು ಒತ್ತಿ ಮೂಡಿಸಬೇಕು. ನಮ್ಮ ಬಿಸಿಲಿಗೆ ಪೇಂಟ್ ನಿಲ್ಲುವುದಿಲ್ಲ. ಮೊಳೆ ಹೊಡೆದರೆ ಕಾಂಡ ದಪ್ಪವಾದಂತೆ ತಗಡನ್ನೇ ನುಂಗುತ್ತದೆ, ಬಿಗಿ ತಂತಿ ಸುತ್ತಿದರೆ ತೊಗಟೆ ಕೊಯ್ದು ಗಿಡ ಸೊರಗುತ್ತದೆ. ಹಿಗ್ಗುವ ಸ್ಪ್ರಿಂಗ್‌ನಲ್ಲಿ ಕಟ್ಟುವುದೇ ಸರಿ. ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಪ್ರತಿವರ್ಷ ಅದೇ ತಿಂಗಳಲ್ಲಿ ತೆಗೆಯಬೇಕು. ಬೇಸಿಗೆಯಲ್ಲಿ ಕಾಂಡ ತುಸು ಕುಗ್ಗುವುದರಿಂದ ಒಮ್ಮೆ ಮೇನಲ್ಲಿ, ಇನ್ನೊಮ್ಮೆ ಅಕ್ಟೋಬರ್‌ನಲ್ಲಿ ಅಳೆದ ಲೆಕ್ಕ ಹೊಂದುವುದಿಲ್ಲ.

ನರ್ಸರಿಯ ತಪ್ಪುಗಳು ಬಯಲಾಗುವುದೂ ಇಂಥ ದಾಖಲೆಯಿಂದಲೇ. ಬರಗಾಲಕ್ಕೆ ಹೇಳಿ ಮಾಡಿಸಿದಂಥ ಕಮರ ಮರವನ್ನೇ ನೋಡಿ. ಸಸಿ ಮೇಲೆ ಗೇಣುದ್ದವೂ ಇರುವುದಿಲ್ಲ, ತಾಯಿಬೇರು ಮಾತ್ರ ಆಳಕ್ಕೆ ಇಳಿದಿರುತ್ತದೆ. ಗಿಡ್ಡ ಪಾಲಿಥಿನ್ ಚೀಲದಲ್ಲಿ ಬೆಳೆಸಿದರೆ ಆ ಬೇರು ತಳದಲ್ಲಿ ಸುರುಳಿ ಸುತ್ತುತ್ತದೆ. ನೆಟ್ಟ ವರ್ಷ ಹಸಿರಾಗಿಯೇ ಇದ್ದು, ಎರಡು ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಒಣಗಬಹುದು. ಆಗ ಬೈಗುಳ ಎರೆಮಣ್ಣಿಗೆ! ಕನಿಷ್ಠ 30 ಸೆಂ.ಮೀ. ಎತ್ತರದ ಚೀಲ ಬಳಸಬೇಕು, ಇಲ್ಲವೇ ಮುಂಗಾರು ಹಿಡಿದ ಮೇಲೆ ಬೀಜವನ್ನು ಜಾಗದಲ್ಲೇ ಊರಬೇಕು.

ಬೇವಿನ ಬೀಜಕ್ಕೆ ಆಯುಷ್ಯ ಕಡಿಮೆ. ಹಳದಿ ಹಣ್ಣು ಆರಿಸಿದ ದಿನವೇ ತಿರುಳು ತೊಳೆದು, ನೆರಳಲ್ಲಿ ಆರಿಸಿ, ಎರಡು ಮೂರು ವಾರದೊಳಗೆ ಬಿತ್ತಬೇಕು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ. ಜಾಲಿ ಬೀಜ ವರ್ಷಗಟ್ಟಲೆ ಇದ್ದೀತು, ಸಿಪ್ಪೆ ಮಾತ್ರ ಗಟ್ಟಿ: ಕುದಿವ ನೀರನ್ನು ಒಲೆಯಿಂದ ಇಳಿಸಿ, ಬೀಜ ಹಾಕಿ, ಆರುವ ನೀರಲ್ಲೇ ಒಂದು ದಿನ ಬಿಡಬೇಕು. ಯಾವ ಜಾತಿಯಾದರೂ ಒಂದೇ ಗಿಡದಡಿ ಚೀಲ ತುಂಬಿಸಬಾರದು. ದೂರ ದೂರದ ಹತ್ತಿಪ್ಪತ್ತು ಗಿಡಗಳಿಂದ ಆರಿಸಿ, ಊರ ಹೆಸರು ಬರೆದಿಡಬೇಕು. ರೋಗ ಬಂದಾಗ ಎಲ್ಲವೂ ಒಟ್ಟಿಗೆ ಬೀಳದಿರಲು ಇದೇ ದಾರಿ.

ಶಾಲಾ ಮಕ್ಕಳಿಗೆ ಒಂದು ದಿನದ ಪ್ರವಾಸಕ್ಕಿಂತ ವಾರಕ್ಕೊಮ್ಮೆ ಅದದೇ ಗಿಡ ನೋಡುವ ಕೆಲಸ ಕೊಡುವುದು ಲೇಸು. ಚಿಗುರು, ಹೂವು, ಕಾಯಿ, ಎಲೆ ಉದುರು. ಒಂದೊಂದಕ್ಕೂ 0ಯಿಂದ 4ರವರೆಗೆ ಅಂಕ. ಏನೂ ಕಾಣದಿದ್ದರೂ 0 ಎಂದು ಬರೆಯಲೇಬೇಕು, ಖಾಲಿ ಬಿಟ್ಟರೆ ನೋಡಿಲ್ಲವೆಂದೇ ಅರ್ಥ. ತೊಡಕು ಬೇಸಿಗೆ ರಜೆಯದ್ದು. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ಬೀಗ, ಬೇವು ಹೂ ಬಿಟ್ಟಿರುವುದೂ ಆಗಲೇ. ಆ ಎರಡು ತಿಂಗಳ ಪುಸ್ತಕವನ್ನು ಬೆಳಗಿನ ವಾಕಿಂಗ್‌ನವರಿಗೆ ಒಪ್ಪಿಸಬಹುದು. ಹೇಗೂ ದಿನಾ ಬರುವವರು, ಕಣ್ಣಿಗೆ ಕನ್ನಡಕವಿದ್ದರಾಯಿತು.

ಅರಣ್ಯ ಇಲಾಖೆ ಹಾಗೂ ಜಿಲ್ಲಾಡಳಿತ ಮೊದಲಿಗೆ ಒಂದು ಉದ್ಯಾನದಲ್ಲಿ ನೂರು ಗಿಡಗಳಿಗೆ ಸಂಖ್ಯೆ ಕೊಡಲಿ. ರಿಜಿಸ್ಟರ್ ಗೇಟಿನ ಕೋಣೆಯಲ್ಲೇ ಇರಲಿ, ಬಂದವರು ತಿರುವಿ ನೋಡುವಂತಿರಲಿ.

– ಸಸ್ಯಶಾಸ್ತ್ರ ಬೋಧಕರು ಮತ್ತು ನರ್ಸರಿ ಕೆಲಸಗಾರರು, ವಿಜಯಪುರ